ಮೇಲಿನ ತೋಟದ ಕೊನೆಯ ಬಾಟಲಿ

ಮೊರ್ವಿಯಾಕ್ ಬಂಗಲೆಯ ನೆಲಮಾಳಿಗೆಯಲ್ಲಿ ಒಂದು ಗೂಡು ಖಾಲಿಯಾಗಿತ್ತು.

ಹೋದದ್ದು ಒಂದೇ ವೈನ್ ಬಾಟಲಿ. ಆದರೆ ಮೇಲಿನ ದ್ರಾಕ್ಷಿತೋಟದ್ದೆಂದು ಉಳಿದಿದ್ದುದೂ ಅದೊಂದೇ. 1955ರ ಸುಗ್ಗಿಯಲ್ಲಿ ಮನೆಯ ಹಿರಿಮಗ ಅರ್ಮಾಂ ಆ ದ್ರಾಕ್ಷಿಯನ್ನು ಕಾಲಲ್ಲಿ ತುಳಿದು ಪೀಪಾಯಿಗೆ ತುಂಬಿದ್ದ. ಅದೇ ಚಳಿಗಾಲದ ಹಿಮಕ್ಕೆ ಮುತ್ತಜ್ಜನ ಕಾಲದ ಬಳ್ಳಿಗಳೆಲ್ಲ ಸತ್ತವು. ಅರ್ಮಾಂ ಮೊಟ್ಟೆಯ ಬಿಳಿ ಕಡೆದು ಹಾಕಿ ವೈನ್ ತಿಳಿಗೊಳಿಸಿದ, ಬಾಟಲಿಗಿಳಿಸಿದ, ಅಲ್ಜೀರಿಯಾದ ಯುದ್ಧಕ್ಕೆ ಹೋದ. ಮರಳಲಿಲ್ಲ.

ಇಪ್ಪತ್ತು ವರ್ಷದ ಮೇಲೆ ತೋಟ ಮಾರಾಟಕ್ಕೆ ಬಂದಿತ್ತು. ಕೊಳ್ಳುವವರಿಗೆ ಭಾನುವಾರದ ಊಟದಲ್ಲಿ ಆ ಬಾಟಲಿ ತೆರೆಯುವುದೆಂದು ಮಾತಾಗಿತ್ತು. ಶನಿವಾರ ಬೆಳಿಗ್ಗೆ ನೆಲಮಾಳಿಗೆ ನೋಡಿಕೊಳ್ಳುವ ಬರ್ತೋ ಮಾರಾಟದ ದಳ್ಳಾಳಿಯನ್ನು ಕೆಳಗೆ ಕರೆದೊಯ್ದಾಗ ಅದಿರಲಿಲ್ಲ.

ಅರ್ಮಾಂನ ತಾಯಿ ಕ್ಲೆಮಾಂಸ್ ಬರ್ತೋನನ್ನು ಕಳ್ಳನೆಂದು ಬೈದು ಮನೆ ಬಿಟ್ಟು ಹೋಗೆಂದರು. ಜೀವಮಾನವೆಲ್ಲ ಅಲ್ಲೇ ದುಡಿದವನು ಟೋಪಿ ತಿರುವುತ್ತ ನಿಂತ. ಊರಿನ ವೈದ್ಯನಾದ ನಾನು ನಿವೃತ್ತ ಪೊಲೀಸ್ ಲಕಾಝ್‌ಗೆ ಹೇಳಿಕಳಿಸಿದೆ.

ಲಕಾಝ್ ಎಲ್ಲರನ್ನೂ ವಿಚಾರಿಸಿದ. ಬರ್ತೋ ಸೋಮವಾರವೇ ಲಿಬೂರ್ನ್‌ನ ಮಗಳ ಮನೆಗೆ ಹೋಗಿ ಶನಿವಾರ ಬೆಳಿಗ್ಗೆಯಷ್ಟೇ ಬಂದಿದ್ದ. ಮಂಗಳವಾರ ಕಿರಿಮಗ ರೆಮಿಯ ಜೊತೆ ಇಳಿದಿದ್ದ, ಮಾರಾಟದ ಪತ್ರ ಮಾಡುವ ನೋಟರಿ, ಬಾಟಲಿ ಗೂಡಿನಲ್ಲಿ ಅಡ್ಡ ಮಲಗಿದ್ದುದನ್ನು ಕಂಡಿದ್ದರು. ಸೊಂಟ ಮುರಿದ ಮೇಲೆ ಕ್ಲೆಮಾಂಸ್ ಮೆಟ್ಟಿಲಿಳಿದಿರಲಿಲ್ಲ.

ಆಮೇಲೆ ಲಕಾಝ್ ನನ್ನೊಡನೆ ನೆಲಮಾಳಿಗೆಗಿಳಿದ. ನಾನು ಖಾಲಿ ಗೂಡನ್ನೇ ನೋಡುತ್ತಿದ್ದೆ. ಅವನು ಪಕ್ಕದ ಕಲ್ಲುಹಲಗೆ ತೋರಿಸಿದ.

"ಡಾಕ್ಟ್ರೇ, ಧೂಳಲ್ಲಿ ಇದೇನು?"

"ಬಾಟಲಿ ತಳದ ಗುರುತು."

"ಹಳೇ ವೈನ್‌ನ ಎರಡು ದಿನ ನೆಟ್ಟಗೆ ನಿಲ್ಲಿಸೋದು ಯಾತಕ್ಕೆ?"

"ಗಸಿ ತಳಕ್ಕಿಳೀಲಿ ಅಂತ. ಕುಡಿಯೋಕೆ ಮುಂಚೆ—"

"ಹೌದಾ? ಮಾರೋಕೆ ಕದಿಯೋನು ಎತ್ಕೊಂಡು ಹೋಗ್ತಾನೆ. ಇವನು ನಿಲ್ಲಿಸಿ ಕಾದಿದ್ದಾನೆ. ಮಂಗಳವಾರ ಮಲಗಿತ್ತು. ಆಮೇಲೆ ನಿಲ್ಲಿಸಿದೋನು ಬರ್ತೋ ಅಲ್ಲ, ಅವನು ಊರಲ್ಲೇ ಇರ್ಲಿಲ್ಲ. ದಳ್ಳಾಳಿ ಇವತ್ತೇ ಮೊದಲು ಬಂದಿದ್ದು. ಅಮ್ಮಾವ್ರು ಇಳಿಯೋ ಹಾಗಿಲ್ಲ. ಉಳಿದೋರು ಯಾರು?"

ಮೇಲೆ ಬಂದು, ಎಲ್ಲರೆದುರು, ಅವನು ಮೆಲ್ಲಗೆ ಕೇಳಿದ: "ರೆಮಿ, ಎಲ್ಲಿಟ್ಟಿದ್ದೀಯಪ್ಪಾ?"

ರೆಮಿ ದ್ರಾಕ್ಷಿ ಹಿಂಡುವ ಗಾಣದ ಕೋಣೆಗೆ ಹೋಗಿ ಬಾಟಲಿ ತಂದ. ಬಿರಡೆ ತೆಗೆದಿತ್ತು. ವೈನ್ ಪೂರ್ತಿ ಇತ್ತು.

"ಆಗ ನಾನಿನ್ನೂ ಹುಡುಗ," ಎಂದ, ತಾಯಿಯ ಮುಖ ನೋಡದೆ. "ಅಣ್ಣನ್ನ ಒಂದು ಗುಟುಕು ಕೇಳ್ದೆ. 'ಮಕ್ಕಳಿಗೆ ಕೊಡೋ ಹಾಗೆ ಇದನ್ನ ನೀರು ಬೆರೆಸಿ ಕೊಡಲ್ಲ ಕಣೋ, ನೀನು ದೊಡ್ಡೋನಾಗು, ಇಬ್ರೂ ಕೂತು ಕುಡಿಯೋಣ' ಅಂದ. ನಾಳೆ ಯಾರೋ ಬಂದು ಕುಡಿದು, ಚೆನ್ನಾಗಿದೆ ಅಂತ ಎದ್ದು ಹೋಗ್ತಾರೆ. ಅದಕ್ಕೇ ತಗೊಂಡೆ. ತೆಗೆದ ಕೂಡ್ಲೆ ಆ ಸುಗ್ಗಿಯ ವಾಸನೆ ಬಂತು... ಒಬ್ನೇ ಕುಡಿಯೋಕಾಗ್ಲಿಲ್ಲಮ್ಮ."

"ಬರ್ತೋನ ಕಳ್ಳ ಅಂದಾಗ ಬಾಯಿ ಬಿಡಬಾರದಿತ್ತಾ?" ಎಂದರು ಕ್ಲೆಮಾಂಸ್.

ಕ್ಲೆಮಾಂಸ್ ಬರ್ತೋನ ಕೈ ಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಲೋಟಗಳನ್ನು ತರಿಸಿದರು.

ವೈನ್‌ನ ಬಣ್ಣ ಇಟ್ಟಿಗೆಯಂತೆ ಮಾಸಿತ್ತು. ಕ್ಲೆಮಾಂಸ್ ಮೊದಲ ಗುಟುಕು ಬಾಯಿಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ನುಂಗಲು ಬಹಳ ಹೊತ್ತು ಮನಸ್ಸು ಮಾಡಲಿಲ್ಲ.