ಗಾಳಿಯ ಬಲಗಡೆಗೆ

"ನಿಮ್ಮ ಅಪ್ಪನ ದೋಣಿ ಮುಳುಗಿದೆ!"

ಬಂದರಿನ ಕಟ್ಟೆಯ ಮೇಲೆ ಎಲ್ಲರೂ ತಿರುಗಿ ನೋಡಿದರು. ಅಪ್ಪನನ್ನು ಹುಡುಕಹೊರಟವರಿಗೆಂದು ತಂದಿದ್ದ ಅನ್ನದುಂಡೆಗಳ ಬುಟ್ಟಿ ಚಿಗುಸಾಳ ಕೈಯಿಂದ ಜಾರಿ ಬಿತ್ತು.

ತೋಸಾ ತೀರದ ಆ ಮೀನುಗಾರರ ಊರಿನಲ್ಲಿ, ಕಡಲಿಗೆ ಹೋದವರು ಮರಳುವವರೆಗೆ ಯಾರೂ ಆಡದ ಮಾತದು. ಆಡಿದರೆ ಕಡಲು ಕೇಳಿಸಿಕೊಳ್ಳುತ್ತದೆಂಬ ಭಯ. ಅಂಥ ಮಾತನ್ನು, ಕಡಲ ಹರಿವನ್ನು ಅಳೆಯಲೆಂದು ಕಳೆದ ತಿಂಗಳಷ್ಟೇ ಊರಿಗೆ ಬಂದಿದ್ದ ಇಸಾವೊ, ಅವಳ ಮುಖಕ್ಕೇ ಹೇಳಿಬಿಟ್ಟಿದ್ದ!

ಫಟಾರ್!

ತನ್ನ ಕೈ ಎದ್ದದ್ದು ಚಿಗುಸಾಳಿಗೇ ತಿಳಿಯಲಿಲ್ಲ.

"ನಿನ್ನ ನಾಲಿಗೆ ಸೇದಿಹೋಗ! ನಮ್ಮಪ್ಪ ಬದುಕಿದ್ದಾರೆ!"

"ನಾನೂ ಅದನ್ನೇ ಹೇಳ್ತಿರೋದು..." ಅವನು ಕೆನ್ನೆ ಹಿಡಿದುಕೊಂಡೇ ನುಡಿದ. "ದೋಣಿ ತೇಲ್ತಾ ಇದ್ದಿದ್ರೆ ಗಾಳಿ ತಳ್ಳಿದ ದಾರೀಲಿ, ನೇರ ದಕ್ಷಿಣಕ್ಕೆ ಹೋಗಿರ್ತಿತ್ತು. ನಿನ್ನೆ ಪೂರ್ತಿ ನೀವು ಅಲ್ಲೇ ಹುಡುಕಿದ್ರಿ. ಸಿಕ್ತಾ?"

ಅವನು ಕಡಲಿನತ್ತ ಕೈ ತೋರಿಸಿದ.

"ಮರದ ದೋಣಿ. ನೀರು ತುಂಬಿದ್ರೂ ತಳಕ್ಕೆ ಹೋಗಲ್ಲ, ಅಂಚು ಮಾತ್ರ ಕಾಣ್ಸುತ್ತೆ, ಅದನ್ನ ಹಿಡ್ಕೊಂಡು ಅವರು ಬದುಕಿರಬಹುದು. ಗಾಳಿಗೆ ಹಿಡಿತ ಸಿಗಲ್ಲ. ಅದು ನೀರಿನ ಜೊತೆ ಹೋಗುತ್ತೆ."

"ನೀರೂ ಗಾಳಿ ಹಿಂದೇನೇ ತಾನೆ ಹೋಗೋದು?" ದೊಡ್ಡಪ್ಪ ಮೋರಿಗೊರೊ ಗದರಿದ.

"ಹೋಗುತ್ತೆ. ಆದ್ರೆ ಭೂಮಿ ತಿರುಗ್ತಾ ಇದ್ಯಲ್ಲ... ಹಾಗಾಗಿ ನಮ್ಮ ಈ ಉತ್ತರಾರ್ಧಗೋಳದ ಕಡಲಲ್ಲಿ ನೀರು ಗಾಳಿಯ ಬಲಗಡೆಗೆ ಓರೆಯಾಗಿ ಹರಿಯುತ್ತೆ. ಬೀಸ್ತಿರೋದು ಉತ್ತರದ ಗಾಳಿ. ನೈಋತ್ಯಕ್ಕೆ ಹೋಗ್ಬೇಕು, ಈಗಲೇ! ಆಚೆಯ ಕಪ್ಪು ಪ್ರವಾಹಕ್ಕೆ ಸಿಕ್ಕಿಬಿಟ್ರೆ..."

ನಡುಗಡಲಿಗೆ ಸೆಳೆದೊಯ್ಯುವ ಆ ಕಪ್ಪು ಪ್ರವಾಹಕ್ಕೆ ಸಿಕ್ಕಿದ ದೋಣಿ ಮರಳಿದ್ದನ್ನು ಆ ಊರು ಕಂಡಿರಲಿಲ್ಲ.

"ಅಪಶಕುನದ ಬಾಯಿ! ಇವನ ಮಾತು ಕೇಳ್ಬೇಡ ಮಗಳೇ," ಎಂದು ದೊಡ್ಡಪ್ಪ ದಕ್ಷಿಣಕ್ಕೇ ಹೊರಟ.

ಚಿಗುಸಾ ಕಣ್ಣು ಮುಚ್ಚಿದಳು. 'ಬೆಸ್ತರನ್ನು ಕಾಯುವ ಎಬಿಸು ದೇವರೇ... ಇವನ ಮಾತು ನಂಬಿದರೆ ಅಪ್ಪ ನೀರಿನಲ್ಲಿದ್ದಾನೆಂದು ಒಪ್ಪಬೇಕು. ನಂಬದಿದ್ದರೆ...?'

ಅವಳು ಚಿಕ್ಕ ದೋಣಿಯ ಹಗ್ಗ ಬಿಚ್ಚಿದಳು.

"ಹತ್ತಿ. ಅಲ್ಲಿ ಅಪ್ಪ ಇಲ್ದೇ ಹೋದ್ರೆ, ನಿಮ್ಮನ್ನ ಅಲ್ಲೇ ಇಳಿಸಿ ಬರ್ತೀನಿ!"

"ನಂಗೆ ಈಜು ಬರಲ್ಲ."

ಅವಳು ಬೆಚ್ಚಿದಳು. ಈಜು ಬಾರದವನು ಈ ಗಾಳಿಯಲ್ಲಿ...! ಅವನು ಮಾತ್ರ ಆಗಲೇ ಹತ್ತಿ ಕುಳಿತಿದ್ದ.

ಹೊತ್ತು ಇಳಿಯುವಾಗ ಅಲೆಗಳ ನಡುವೆ ಮರದ ಕಪ್ಪು ಅಂಚೊಂದು ಕಂಡಿತು. ಅದರ ಮೇಲೆ ಒಂದು ಕೈ...

"ಅಪ್ಪಾ!"

ಇಬ್ಬರೂ ಸೇರಿ ಎಳೆದುಕೊಂಡರು. ಉಪ್ಪುಗಟ್ಟಿದ ತುಟಿ ಅಲುಗಿತು.

"ಯಾಕೆ ಇಷ್ಟು ತಡ ಮಾಡ್ದೆ, ಹುಡುಗಿ?"

ಚಿಗುಸಾ ಗೊಳೋ ಎಂದು ಅತ್ತಳು.

ಅಪ್ಪ ಕಂಬಳಿಯೊಳಗೆ ನಿದ್ದೆಹೋದ. ಚುಕ್ಕಾಣಿ ಹಿಡಿದಿದ್ದ ಅವಳು ಇಸಾವೊನ ಕೆಂಪು ಕೆನ್ನೆಯನ್ನು ನೋಡಲಾರದೆ ತಲೆ ತಗ್ಗಿಸಿದಳು.

"ನೋವಾಯ್ತಾ?"

"ನಿಮಗಿಂತ ಕಡಿಮೆ." ಅವನು ಕೆನ್ನೆ ಸವರಿಕೊಂಡ. "ಒಂದು ತಿಂಗಳಿಂದ ದಿನಾ ಬೆಳಗ್ಗೆ ನೀವು ಮೀನು ಹರವೋದನ್ನ ನೋಡ್ತಿದ್ದೆ. ಮಾತಾಡ್ಸೋಕೆ ಧೈರ್ಯ ಬರ್ಲಿಲ್ಲ. ಕೊನೆಗೆ ಬಾಯಿಂದ ಬಂದ ಮೊದಲನೇ ಮಾತು... ಅದು."

ಅವಳು ತಲೆ ಎತ್ತಿ ನೋಡಿದಳು. 'ಇವರು... ನನ್ನನ್ನು...?'

"ಮತ್ತೆ... ಯಾವ ಮಾತು ಆಡ್ಬೇಕು ಅಂತಿದ್ರಿ?"

"ನನ್ನನ್ನ ಮದುವೆ ಆಗ್ತೀರಾ?"

ಚುಕ್ಕಾಣಿ ಕೈತಪ್ಪಿ ದೋಣಿ ಗರ್ರನೆ ತಿರುಗಿತು!

"ನೀವು ಯಾವುದನ್ನೂ ಮೆಲ್ಲಗೆ ಹೇಳೋದೇ ಇಲ್ವಾ?"

"ಬರಲ್ಲ... ಕಲಿಸ್ತೀರಾ?"

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು.

"ಮೊದಲು ಈಜು ಕಲಿಸ್ತೀನಿ. ಮಿಕ್ಕಿದ್ದಕ್ಕೆ... ಜೀವಮಾನ ಪೂರ್ತಿ ಇದೆಯಲ್ಲ."