ಐದನೆಯ ಮೆಟ್ಟು

"ಭಟ್ರೇ, ಮೆಟ್ಟು ಕಳವಾಯ್ತು!" ಎನ್ನುತ್ತ ಸೈಕಲ್ ಶಾಪಿನ ಹರಿನಾಥ ಜಗಲಿ ಹತ್ತಿದಾಗ ಪುರಂದರ ಮೊದಲು ನೋಡಿದ್ದು ಅವನ ಕಾಲುಗಳನ್ನು. ಎರಡರಲ್ಲೂ ಚಪ್ಪಲಿ ಇತ್ತು.

"ಮೆಟ್ಟು ಹೋದರೆ ಇಲ್ಲಿಗೆ ಯಾಕೆ ಬಂದದ್ದು ಮಾರಾಯ? ಇದು ತಂತಿ ಭಟ್ಟರ ಮನೆ, ಚಪ್ಪಲಿ ಅಂಗಡಿ ಅಲ್ಲ" ಎಂದ ಪುರಂದರ.

"ಕಾಲಿನ ಮೆಟ್ಟು ಅಲ್ಲ ಪುರಂದರಣ್ಣ. ಕೊಲಂಬೊ ಜಯಪಾಲರ ಗಿಟಾರಿನದ್ದು. ಕದ್ದವ ಬೇರೆ ಯಾರೂ ಅಲ್ಲ, ನನ್ನ ಶಾಪಿನ ಆಳು ಬಟ್ಯನೇ. ಹನ್ನೆರಡು ಗಂಟೆಗೆ ಅವನನ್ನು ಪೊಲೀಸರಿಗೆ ಒಪ್ಪಿಸುವವ ನಾನು. ಮೊದಲು ಭಟ್ರಿಗೆ ಹೇಳು ಅಂತ ಜಯಪಾಲರು ಹಟ ಹಿಡಿದರು, ಅದಕ್ಕೆ ಬಂದೆ."

ಕಾಸರಗೋಡು ತಾಲೂಕು ಇನ್ನೂ ಮದರಾಸಿಗೆ ಸೇರಿದ್ದ ೧೯೫೫ರ ಒಂದು ಭಾನುವಾರ ಅದು. ಗೌರೀಶಂಕರ ಭಟ್ಟರು ಇಪ್ಪತ್ತೆಂಟು ವರ್ಷ ತಂತಿ ಕಚೇರಿಯಲ್ಲಿ ದುಡಿದು, ನಿವೃತ್ತರಾಗಿ ಹೊಸಂಗಡಿಗೆ ಬಂದು ನೆಲೆಸಿದವರು. ಟಕ್-ಟಕ್ ಸದ್ದು ಕೇಳಿಯೇ ಆಚೆ ತುದಿಯಲ್ಲಿ ಕೂತವನು ಯಾರು, ಅವನು ಮನೆಯಲ್ಲಿ ಜಗಳ ಮಾಡಿ ಬಂದಿದ್ದಾನೋ ಇಲ್ಲವೋ ಎಂದು ಹೇಳಬಲ್ಲವರೆಂದು ಅವರ ಹೆಸರು. "ಸದ್ದು ಒಂದು ಸುದ್ದಿಯಾದರೆ, ಸದ್ದು ನಿಂತದ್ದು ಇನ್ನೊಂದು ಸುದ್ದಿ" ಎಂಬುದು ಅವರ ಮಾತು. ಊರಿನ ಕಳವು, ಕಾಣೆ, ಕಳ್ಳಸಹಿಗಳೆಲ್ಲ ಕೊನೆಗೆ ಅವರ ಜಗಲಿಗೇ ಬರುತ್ತಿದ್ದವು.

ಪುರಂದರ ಊರಿನ ಪೋಸ್ಟ್‌ಮ್ಯಾನ್. ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ಕಾಫಿಗೆ ಭಟ್ಟರಲ್ಲಿಗೇ ಬರುತ್ತಿದ್ದ. ಅವರ ಪ್ರತಿ ಪತ್ತೇದಾರಿಕೆಗೂ ಅವನು ಜೊತೆಗಾರ. ಕವರನ್ನು ಅವನು ಒಡೆಯುತ್ತಿರಲಿಲ್ಲ, ಆದರೆ ಕಾರ್ಡು ಮಾತ್ರ ಒಂದನ್ನೂ ಓದದೆ ಬಿಟ್ಟವನಲ್ಲ. ತೆರೆದಿಟ್ಟದ್ದನ್ನು ಓದಿದರೆ ಪಾಪವೆಲ್ಲಿ ಎಂದು ಅವನ ವಾದ. ಹಾಗಾಗಿ ಊರಿನ ಅರ್ಧ ಗುಟ್ಟು ಅವನ ಹೊಟ್ಟೆಯಲ್ಲಿತ್ತು.

ಹರಿನಾಥ ಹೇಳಿದ್ದು ಇಷ್ಟು. ಜಯಪಾಲರು ಹಿಂದೆ ಕೊಲಂಬೊದ ಹೋಟೆಲೊಂದರ ಬ್ಯಾಂಡಿನಲ್ಲಿದ್ದವರು. ಯುದ್ಧದ ಕಾಲದಲ್ಲಿ ಊರಿಗೆ ಬರುವಾಗ ಒಂದು ಸ್ಟೀಲ್ ಗಿಟಾರ್ ತಂದಿದ್ದರು. ಅದನ್ನು ಮೇಜಿನಂತೆ ನಾಲ್ಕು ಕಾಲಿನ ಮೇಲೆ ಅಂಗಾತ ಇಟ್ಟು, ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸಿ ನುಡಿಸಬೇಕು. ಅದರ ಅಡಿಗೆ ಅವರು ಮೂರು ಮೆಟ್ಟು ಕೂರಿಸಿದ್ದರು. ಕಾಲಿನಿಂದ ಒತ್ತಿದರೆ ಸೈಕಲಿನ ಬ್ರೇಕ್ ವಯರು ತಂತಿಯನ್ನು ಎಳೆದು ಸ್ವರ ಬದಲಿಸುತ್ತಿತ್ತು. ಮೂರು ಸಾಲದೆನಿಸಿ ಬಟ್ಯನಿಂದ ಮತ್ತೆರಡು ಮಾಡಿಸಿದ್ದರು. ನಾಲ್ಕನೆಯದನ್ನು ಮೆಟ್ಟಿದರೆ ಸ್ವರ ಏರುತ್ತಿತ್ತು, ಐದನೆಯದನ್ನು ಮೆಟ್ಟಿದರೆ ಇಳಿಯುತ್ತಿತ್ತು. ಮನೆಯಲ್ಲಿ ಎರಡನ್ನೂ ಕೂರಿಸಿ ನೋಡುತ್ತಿದ್ದರೂ, ಪ್ರಯಾಣದ ಪೆಟ್ಟಿಗೆಯಲ್ಲಿ ಒಟ್ಟು ನಾಲ್ಕಕ್ಕೇ ಜಾಗ. ಹೊಸ ಎರಡರಲ್ಲಿ ಒಂದನ್ನು ಬಿಟ್ಟು ಹೋಗಲೇಬೇಕು. ಸೋಮವಾರ ಕಲ್ಲಿಕೋಟೆಯ ರೇಡಿಯೋದವರ ಮುಂದೆ ನುಡಿಸಬೇಕಿತ್ತು. ಆಯ್ಕೆಯಾದರೆ ಅಲ್ಲೇ ಕೆಲಸ, ಅಲ್ಲೇ ವಾಸ.

"ಏರುವ ಮೆಟ್ಟನ್ನೇ ಒಯ್ಯುತ್ತೇನೆ ಅಂತ ಜಯಪಾಲರು ಎಲ್ಲರಿಗೂ ಹೇಳಿದ್ದರು. ತಾನು ಮಾಡಿದ ಐದನೆಯದು ಬೇಡ ಅಂತ ಆಯ್ತಲ್ಲ, ಆ ಕೋಪಕ್ಕೆ ಬಟ್ಯ ಅದನ್ನು ಬಿಚ್ಚಿಕೊಂಡು ಹೋದ. ನಿನ್ನೆ ಸಂಜೆ ಏಳೂಕಾಲಕ್ಕೆ ಅವನು ಆ ಮನೆಯಿಂದ ಹೊರಗೆ ಬರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ" ಎಂದ ಹರಿನಾಥ.

ಭಟ್ಟರು ಮೇಲುಹೊದಿಕೆ ಹೆಗಲಿಗೆ ಹಾಕಿ ಎದ್ದರು.

ಜಯಪಾಲರದು ಒಂದೇ ಹಂಚಿನ ಮಾಡಿನ ಅಡಿಯ ಜೋಡಿಮನೆಯ ಒಂದು ಪಾಲು. ನಡುವಿನ ಗೋಡೆ ಮಾಡಿನ ತನಕ ಹೋಗಿರಲಿಲ್ಲ. ಆಚೆ ಪಾಲಿನಲ್ಲಿ ರಾಜೀವಿ ಎಂಬ ಹೆಂಗಸು ರವಕೆ ಹೊಲಿದು ಬದುಕುತ್ತಿದ್ದಳು. ಅವಳ ಗಂಡ ಯುದ್ಧಕ್ಕೆ ಮೊದಲು ರಂಗೂನಿಗೆ ಹೋದವನು ಮತ್ತೆ ಬಂದಿರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಮನೆಗೆ ಒಂದು ಕಾರ್ಡನ್ನೂ ಪುರಂದರ ಕೊಟ್ಟದ್ದಿಲ್ಲ. ಮೊದಮೊದಲು ಅವನ ಸೈಕಲಿನ ಗಂಟೆ ಕೇಳಿದರೆ ಹೊರಗೆ ಬರುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು.

ಜಯಪಾಲರ ಮನೆಯಲ್ಲಿ ಎಲ್ಲವೂ ಒಂದೊಂದೇ ಇತ್ತು. ಒಂದು ಕುರ್ಚಿ, ಒಂದು ಬಟ್ಟಲು, ಒಂದು ಲೋಟ. ಬಂದವರನ್ನು ಕೂರಿಸಲಿಕ್ಕೂ ಜಾಗವಿಲ್ಲದೆ ಐವತ್ತು ದಾಟಿದ ಆ ಮನುಷ್ಯ ನಾಚಿದರು. ಮೂಲೆಯಲ್ಲಿ ಬಟ್ಯ ತಲೆ ತಗ್ಗಿಸಿ ನಿಂತಿದ್ದ. ನಲವತ್ತರ ಗಟ್ಟಿ ಆಳು.

"ವಯರಿಗೆ ಎಣ್ಣೆ ಕೊಡ್ಲಿಕ್ಕೆ ಬಂದದ್ದು ಭಟ್ರೇ. ಯಾರೂ ಇರ್ಲಿಲ್ಲ. ಎಣ್ಣೆ ಕುಪ್ಪಿ ಹೊಸ್ತಿಲಲ್ಲಿ ಇಟ್ಟು ಹೋದೆ. ನನ್ನ ಕೈಯಲ್ಲಿ ಮಾಡಿದ್ದನ್ನು ನಾನೇ ಕದಿಯುದಾ?"

"ಸಂಜೆ ನೀವು ಎಲ್ಲಿದ್ದಿರಿ?" ಭಟ್ಟರು ಜಯಪಾಲರನ್ನು ಕೇಳಿದರು.

"ದಿನವೂ ಆರೂವರೆಗೆ ನುಡಿಸುವುದು ನನ್ನ ರೂಢಿ. ಏಳಕ್ಕೆ ನಿಲ್ಲಿಸಿ, ಪೆಟ್ಟಿಗೆಯನ್ನು ರೈಲಿಗೆ ಹಾಕುವುದು ಹೇಗೆ ಅಂತ ಕೇಳಲಿಕ್ಕೆ ಸ್ಟೇಷನ್ನಿಗೆ ಹೋದೆ. ಬಾಗಿಲಿಗೆ ಬರೇ ಚಿಲಕ. ಬೆಳಿಗ್ಗೆ ನೋಡುವಾಗ ಐದನೆಯದು ಇಲ್ಲ."

ಭಟ್ಟರು ಗಿಟಾರಿನ ಅಡಿಗೆ ಬಗ್ಗಿದರು. ಬಿಚ್ಚಿದ ಎರಡು ತಿರುಪುಗಳನ್ನು ನೆಲದ ಮೇಲೆ ಜೋಡಿಸಿ ಇಟ್ಟಿತ್ತು. ಅವುಗಳ ತಲೆಯ ತುಂಬ ಗೀರುಗಳು. ನೇತಾಡುತ್ತಿದ್ದ ವಯರಿನ ತುದಿಯ ಎಳೆಗಳು ಬಿಚ್ಚಿಕೊಳ್ಳದಂತೆ ಯಾರೋ ನೀಲಿ ನೂಲು ಸುತ್ತಿ ಗಂಟು ಹಾಕಿದ್ದರು. ಭಟ್ಟರು ಅದನ್ನು ಪುರಂದರನಿಗೂ ತೋರಿಸಿ ಎದ್ದು, ಐದನೆಯ ಮೆಟ್ಟಿಗೆ ಸೇರಿದ ತಂತಿಯನ್ನು ಉಗುರಿನಿಂದ ಮೀಟಿದರು. ಸ್ವರ ಉದ್ದಕ್ಕೆ ಹೋಯಿತು. ಗೋಡೆಯಾಚೆ ಗಡಗಡ ಓಡುತ್ತಿದ್ದ ಹೊಲಿಗೆ ಮೆಷಿನು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

"ಇದನ್ನು ಬೆಳಿಗ್ಗೆ ಶ್ರುತಿ ಮಾಡಿದಿರಾ?"

"ಇಲ್ಲ, ಮುಟ್ಟಲೇ ಇಲ್ಲ." ಜಯಪಾಲರು ತಾವೇ ಒಮ್ಮೆ ಮೀಟಿ ನೋಡಿ ಬೆರಗಾದರು. "ಮೆಟ್ಟು ಬಿಚ್ಚಿದರೆ ತಂತಿ ಸಡಿಲ ಆಗಬೇಕು ಭಟ್ರೇ. ಇದು ಕೂದಲೆಳೆಯಷ್ಟೂ ತಪ್ಪಿಲ್ಲ!"

"ಇನ್ನೊಂದು ಮಾತು. ಏರುವ ಮೆಟ್ಟು ಒಯ್ಯುತ್ತೇನೆ ಅಂತ ನೀವು ಎಲ್ಲರಿಗೂ ಹೇಳಿದ್ದು ಗೊತ್ತುಂಟು. ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದು ಯಾವುದು?"

ಜಯಪಾಲರು ತಡವರಿಸಿದರು. "ಇಳಿಯುವುದು. ನಿನ್ನೆ ಸಂಜೆ ನುಡಿಸುವಾಗ ಮನಸ್ಸು ಬದಲಾಯ್ತು. ಯಾರಿಗೂ ಹೇಳಲಿಲ್ಲ."

"ಯಾಕೆ ಬದಲಾಯ್ತು?"

ಅವರು ಗೋಡೆಯ ಕಡೆ ನೋಡಿದರು. ಭಟ್ಟರು ಮತ್ತೆ ಕೇಳಲಿಲ್ಲ.

ಹೊರಗೆ ಬಂದೊಡನೆ ಪುರಂದರ ತನ್ನ ಪತ್ತೆ ಮುಂದಿಟ್ಟ. "ಕದ್ದದ್ದು ಹಾರ್ಮೋನಿಯಂ ಮಾಸ್ತರು ಈಶ್ವರಪ್ರಸಾದರು. ಶ್ರುತಿ ಗೊತ್ತಿರುವುದು ಊರಲ್ಲಿ ಅವರಿಗೆ ಮಾತ್ರ. ರೇಡಿಯೋಕ್ಕೆ ಅವರೂ ಎರಡು ಸಲ ಹೋಗಿ ಬಂದಿದ್ದಾರೆ, ಆಗಲಿಲ್ಲ. ಅವರಿಗೆ ಬಂದ ಕಾರ್ಡು ನಾನೇ ಓದಿದ್ದೇನೆ!"

"ನೀನು ಓದದ್ದು ಎಂತ ಉಂಟು ಮಾರಾಯ" ಎಂದು ಭಟ್ಟರು ನಕ್ಕರು. ನಗು ಬೇಗ ಇಂಗಿತು. "ಹನ್ನೊಂದು ಗಂಟೆಗೆ ಎಲ್ಲರನ್ನೂ ಜಯಪಾಲರಲ್ಲಿಗೆ ಕರಿ. ಮಾಸ್ತರು ಬರಲಿ. ಪಕ್ಕದ ರಾಜೀವಿಯೂ ಬರಲಿ. ಸಂಜೆ ಎಂತಾದರೂ ಸದ್ದು ಕೇಳಿಸಿತಾ ಅಂತ ಕೇಳಲಿಕ್ಕೆ ಉಂಟು ಅಂತ ಹೇಳು."

ಹನ್ನೊಂದಕ್ಕೆ ಎಲ್ಲರೂ ಸೇರಿದರು. ಒಂದೇ ಕುರ್ಚಿಯಾದ್ದರಿಂದ ಅದರಲ್ಲಿ ಯಾರೂ ಕೂರಲಿಲ್ಲ. ಈಶ್ವರಪ್ರಸಾದರು ಕರೆಸಿದ್ದಕ್ಕೆ ಮುಖ ಊದಿಸಿಕೊಂಡು ಕಿಟಕಿಯ ಹತ್ತಿರ ನಿಂತರು. ರಾಜೀವಿ ಬಾಗಿಲ ಬಳಿ ನೆಲದಲ್ಲಿ ಕೂತಳು. ಮಡಿಲಲ್ಲಿ ಹೊಲಿಗೆಯ ಬಟ್ಟೆಯ ಗಂಟೊಂದಿತ್ತು.

"ಮೊದಲು ಬಟ್ಯ" ಎಂದು ಭಟ್ಟರು ಶುರು ಮಾಡಿದರು. "ತಿರುಪಿನ ತಲೆ ನೋಡಿ. ಸಣ್ಣ ತಿರುಪುಳಿ ಹಾಕಿ, ಅದು ಜಾರಿ ಜಾರಿ ಗೀರಿದೆ. ಸರಿಯಾದ ತಿರುಪುಳಿ ಬಟ್ಯನ ಚೀಲದಲ್ಲೇ ಇರುವಾಗ ಅವನಿಗೆ ಈ ಗತಿ ಯಾಕೆ? ಅದೂ ಅಲ್ಲದೆ, ಬಿಚ್ಚಿದವರು ಸಡಿಲವಾದ ತಂತಿಯನ್ನು ಶ್ರುತಿ ಮಾಡಿ ಹೋಗಿದ್ದಾರೆ. ಬಟ್ಯನಿಗೆ ಗೊತ್ತಿರುವ ಶ್ರುತಿ ಸೈಕಲ್ ಚೈನಿನದ್ದು ಒಂದೇ. ಹರಿನಾಥಾ, ನೀನು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ."

"ಶ್ರುತಿ ಅಂದರೆ ನಾನು ಅಂತಲಾ ಭಟ್ರೇ?" ಈಶ್ವರಪ್ರಸಾದರು ಕೆರಳಿದರು.

"ನಿಮಗೆ ಕಿವಿ ಉಂಟು, ಹೊಟ್ಟೆಕಿಚ್ಚೂ ಸ್ವಲ್ಪ ಉಂಟು. ಆದರೆ ಜಯಪಾಲರು ಏರುವ ಮೆಟ್ಟು ಒಯ್ಯುತ್ತಾರೆ ಅಂತಲೇ ನಿಮಗೆ ಗೊತ್ತಿದ್ದದ್ದು. ಕೆಡಿಸಬೇಕಾದರೆ ನೀವು ನಾಲ್ಕನೆಯದನ್ನು ಕದಿಯುತ್ತಿದ್ದಿರಿ, ಬಿಟ್ಟು ಹೋಗುವ ಐದನೆಯದನ್ನು ಅಲ್ಲ. ಐದನೆಯದನ್ನು ಕದ್ದವರಿಗೆ, ಹೋಗುವುದು ಅದೇ ಅಂತ ಗೊತ್ತಿತ್ತು. ಜಯಪಾಲರು ಬಾಯಲ್ಲಿ ಯಾರಿಗೂ ಹೇಳಲಿಲ್ಲ. ನಿನ್ನೆ ಸಂಜೆ ತಂತಿಯಲ್ಲಿ ಹೇಳಿದರು. ಅದನ್ನು ಪೂರ್ತಿ ಕೇಳಿದವರು, ದಿನವೂ ಕೇಳಿ ಕೇಳಿ ಶ್ರುತಿ ಕಲಿತವರು, ಹತ್ತಿರ ಸಣ್ಣ ತಿರುಪುಳಿ ಇರುವವರು, ವಯರಿನ ತುದಿ ಕಂಡರೂ ನೂಲು ಸುತ್ತದೆ ಬಿಡಲಾರದವರು ಒಬ್ಬರುಂಟು. ಹೆಸರು ನಾನು ಹೇಳುವುದಿಲ್ಲ. ಬಟ್ಯನ ಕೈ ಚೊಕ್ಕ ಎನ್ನಲಿಕ್ಕೆ ಇಷ್ಟು ಸಾಕು."

"ಹೆಸರಿಲ್ಲದೆ ನಾನು ಒಪ್ಪುವುದಿಲ್ಲ. ಬಟ್ಯ ಠಾಣೆಗೆ ಬರಲೇಬೇಕು" ಎಂದ ಹರಿನಾಥ.

ರಾಜೀವಿ ಮಡಿಲ ಗಂಟು ಬಿಚ್ಚಿದಳು. ನೀಲಿ ರವಕೆ ಬಟ್ಟೆಯೊಳಗೆ ಕಬ್ಬಿಣದ ಮೆಟ್ಟು ಇತ್ತು.

"ಬಟ್ಯಣ್ಣನನ್ನು ಬಿಡಿ. ತಕ್ಕೊಂಡದ್ದು ನಾನು" ಎಂದಳು. "ಕದಿಯಬೇಕು ಅಂತ ಅಲ್ಲ. ನಿನ್ನೆಯದ್ದು ಕೇಳಿದಾಗ ಗೊತ್ತಾಯ್ತು, ಇನ್ನು ಇವರನ್ನು ಯಾರೂ ಬೇಡ ಅನ್ನುವುದಿಲ್ಲ ಅಂತ. ಇದೊಂದು ಇಲ್ಲದಿದ್ದರೆ ವಾಪಸು ಬರ್ತಾರೋ ಅಂತ ಆಸೆ. ಮೆಷಿನಿನ ತಿರುಪುಳಿಯಲ್ಲಿ ಬಿಚ್ಚಿದೆ, ತಂತಿ ಸಡಿಲ ಆಯ್ತು. ಹಾಗೇ ಬಿಟ್ಟು ಬರ್ಲಿಕ್ಕೆ ಮನಸ್ಸು ಬರ್ಲಿಲ್ಲ." ಅವಳು ಮೊದಲ ಬಾರಿ ತಲೆಯೆತ್ತಿ ಜಯಪಾಲರನ್ನು ನೋಡಿದಳು. "ಇವರು ಹೋದರೆ ಆರೂವರೆಗೆ ನಾನು ಎಂತ ಮಾಡುವುದು?"

ಸಂಜೆ ಖಾಲಿ ಚೀಲ ಗೂಟಕ್ಕೆ ಹಾಕಿದ ಮೇಲೆ ಏನು ಮಾಡುವುದೆಂದು ಪುರಂದರನಿಗೂ ತಿಳಿಯುತ್ತಿರಲಿಲ್ಲ.

ಜಯಪಾಲರು ಅವಳೆದುರು ನೆಲದಲ್ಲಿ ಕೂತರು. ಪಕ್ಕದ ಮನೆಯಲ್ಲಿ ಹತ್ತು ವರ್ಷ ಇದ್ದೂ, ಊರಿನ ಬಾಯಿಗೆ ಹೆದರಿ, ಬಾವಿಯ ಹಗ್ಗದ ಮಾತು ಬಿಟ್ಟರೆ ಬೇರೆ ಆಡಿದವರಲ್ಲ ಅವರು.

"ಭಟ್ರು ಬೆಳಿಗ್ಗೆ ಕೇಳಿದ್ದಕ್ಕೆ ನಾನು ಉತ್ತರ ಹೇಳಲಿಲ್ಲ" ಎಂದರು. "ಒಂದೂವರೆ ತಿಂಗಳು ಎರಡೂ ಮೆಟ್ಟು ನುಡಿಸಿದೆ. ಯಾವುದು ಒಳ್ಳೆಯದು ಅಂತ ನನಗೆ ಗೊತ್ತಾಗಲಿಲ್ಲ. ನಿನ್ನೆಯೇ ಗಮನಿಸಿದ್ದು, ಏರುವುದನ್ನು ಮೆಟ್ಟಿದರೆ ನಿಮ್ಮ ಮೆಷಿನು ಓಡ್ತಾ ಇತ್ತು. ಇಳಿಯುವುದನ್ನು ಮೆಟ್ಟಿದೆ, ಮೆಷಿನು ನಿಂತಿತು. ಇನ್ನೊಮ್ಮೆ ಏರಿಸಿದೆ, ಓಡಿತು. ಇಳಿಸಿದೆ, ನಿಂತಿತು. ನಾಲ್ಕು ಸಲ ನೋಡಿದೆ. ಆರಿಸಿದ್ದು ನಾನಲ್ಲ ರಾಜೀವಿಯಕ್ಕ, ನೀವು."

ರಾಜೀವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಈಗಲೂ ನೀವೇ ಹೇಳಿ. ಯಾವುದನ್ನು ಒಯ್ಯಲಿ?"

ಎರಡೂವರೆಯ ರೈಲಿಗೆ ಇನ್ನೂ ಹೊತ್ತಿತ್ತು. ಏರುವುದನ್ನು ಎಂದು ಅವಳು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅವಳು ಕಣ್ಣೊರೆಸಿಕೊಂಡು ಮೆಟ್ಟನ್ನು ಬಟ್ಯನ ಕಡೆಗೆ ಚಾಚಿದಳು.

"ಇಳಿಯುವುದನ್ನೇ. ಗಟ್ಟಿ ಕೂರಿಸು ಬಟ್ಯಣ್ಣ, ರೈಲಿನಲ್ಲಿ ಅಲುಗಾಡಬಾರದು."

ಬಟ್ಯ ಎರಡು ಕೈಯಲ್ಲೂ ತೆಗೆದುಕೊಂಡ. ಹರಿನಾಥ ಮುಂದೆ ಬಂದು, "ಬಟ್ಯಾ, ನಂದು ಒಂದು ಮಾತು ಹೆಚ್ಚಾಯ್ತು" ಎಂದ.

"ಒಂದಲ್ಲ ಧಣಿ, ಸುಮಾರು ಆಯ್ತು" ಎಂದು ಬಟ್ಯ ಗಿಟಾರಿನ ಅಡಿಗೆ ನುಗ್ಗಿದ. "ಆ ತಿರುಪುಳಿ ಇತ್ತ ಕೊಡಿ."

ಹರಿನಾಥ ತಾನೇ ಎತ್ತಿ ಕೊಟ್ಟ. ಎರಡೂವರೆಗೆ ಪೆಟ್ಟಿಗೆಯೂ ಜಯಪಾಲರೂ ಮಂಜೇಶ್ವರದಿಂದ ರೈಲು ಹತ್ತಿದರು.

ಸಂಜೆ ಭಟ್ಟರೂ ಪುರಂದರನೂ ಆ ದಾರಿಯಾಗಿ ಬಂದರು. ಮೆಷಿನು ಗಡಗಡ ಓಡುತ್ತಿತ್ತು. ಭಟ್ಟರು ಜೇಬಿನ ಗಡಿಯಾರ ತೆಗೆದು ನೋಡಿದರು. ಸರಿಯಾಗಿ ಆರೂವರೆಗೆ ಮೆಷಿನು ನಿಂತಿತು. ಗೋಡೆಯ ಈಚೆ ಬಾಗಿಲಿಗೆ ಬೀಗ ಬಿದ್ದಿತ್ತು. ಏಳರ ತನಕ ಇಬ್ಬರೂ ಬೇಲಿಯ ಹತ್ತಿರ ಸುಮ್ಮನೆ ನಿಂತರು. ಏಳಕ್ಕೆ ಅದು ಮತ್ತೆ ಓಡಿತು.

ಮರುದಿನದಿಂದ ಟಪ್ಪಾಲು ವಿಂಗಡಿಸುವಾಗ ಪುರಂದರನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಒಂದೇ ಹೆಸರನ್ನು. ಒಂಬತ್ತನೆಯ ದಿನ ಅದು ಬಂತು. ಕಲ್ಲಿಕೋಟೆಯ ಮುದ್ರೆಯ ಒಂದು ಕಾರ್ಡು, ಸಣ್ಣ ಅಕ್ಷರದಲ್ಲಿ ಅಂಚಿನ ತನಕ ತುಂಬಿಸಿ ಬರೆದದ್ದು. ವಿಳಾಸ: ರಾಜೀವಿ, ಹೊಸಂಗಡಿ.

ಪುರಂದರ ಅದನ್ನು ಬರಹ ಕೆಳಗಾಗಿ ತಿರುಗಿಸಿ ಹಿಡಿದುಕೊಂಡು, ಬೇರೆ ಯಾವ ಮನೆಗೂ ಹೋಗುವ ಮೊದಲು ಅವಳ ಮನೆಯ ಮುಂದೆ ಸೈಕಲಿನ ಗಂಟೆ ಬಾರಿಸಿದ. ಅವನು ತನ್ನ ಇಡೀ ನೌಕರಿಯಲ್ಲಿ ಓದದೆ ಕೊಟ್ಟ ಕಾರ್ಡು ಅದೊಂದೇ.