ಶಮ್ಶುನ್ನೀಸಾಳಿಗೆ ಉಳಿದ ಒಂದೇ ಮಾತು

ಹೊರ್ತಿಯ ಫಕ್ರುದ್ದೀನ ಮಾಸ್ತರರ ಹೆಸರು ಕೇಳಿದರೆ ಝಳಕಿಯಿಂದ ಮನಗೂಳಿಯವರೆಗಿನ ಕಳ್ಳರಿಗೆಲ್ಲ ಚಳಿಜ್ವರ ಬರುತ್ತಿತ್ತು. ಇಂಗ್ಲಿಷ್ ಶಬ್ದವೊಂದು ಸಿಕ್ಕರೆ ಅದರ ಮುತ್ತಜ್ಜನ ತನಕ ಬೆನ್ನತ್ತಿ, ಆ ಜಾಡಿನಲ್ಲೇ ಕಳ್ಳನನ್ನೂ ಹಿಡಿಯುವ ನಿವೃತ್ತ ಮಾಸ್ತರರು ಅವರು. ನೆರಳಿನಂತೆ ಜೊತೆಗಿರುವವ ಪರಸಪ್ಪ. ಆದರೆ ಅಂದು ಕಳ್ಳನೆಂದು ಇಂಡಿ ಊರಿನ ಜನ ಹಿಡಿದು ಕೂಡಿಸಿದ್ದು ಪರಸಪ್ಪನ ತಂಗಿಯ ಮಗನನ್ನು, ಫೋಟೋ ತೆಗೆಯುವ ಅಮಿತನನ್ನು.

ಮುಂಜಾನೆ ಅಮಿತ ಮುದುಕಿ ಶಮ್ಶುನ್ನೀಸಾಳ ಫೋಟೋ ತೆಗೆದು ಹೋಗಿದ್ದ. ಮಧ್ಯಾಹ್ನದೊಳಗೆ ಅವಳ ಬಂಗಾರದ ಸರ ಮಾಯವಾಗಿ, ಅವಳಿಗೆ ಲಕ್ವಾ ಹೊಡೆದು ಬಾಯಿ ಸೊಟ್ಟಾಗಿತ್ತು. ನಾಲಗೆಯ ಮೇಲೆ ಉಳಿದದ್ದು ಒಂದೇ ಮಾತು.

"ಕ್ಯಾಮರಾ, ಕ್ಯಾಮರಾ ಅಂತಾಳ್ರಿ ಅಮ್ಮಾ," ಎಂದು ಓಡಿಬಂದ ಮಾಸ್ತರರಿಗೂ ಪರಸಪ್ಪನಿಗೂ ಹೇಳಿದ ಮಗ ಜೈನುದ್ದೀನ, ಬೀಗ ಹಾಕಿದ ಕೋಣೆಗೆ ಬೆನ್ನು ಕೊಟ್ಟು. "ಇನ್ನೇನ್ ಸಾಕ್ಷಿ ಬೇಕ್ರಿ? ಪೊಲೀಸರನ್ನ ಕರಸ್ತೇನಿ."

"ಮಾಮಾ, ನಾ ಮುಟ್ಟಿಲ್ಲ," ಅಮಿತ ಗೋಗರೆದ. "ಆಯಿ ನಕ್ಕೋತ, 'ನಿನ್ನ ಫೋಟೋ ಡಬ್ಬಿ ನನ್ನ ನುಂಗತೈತೇನೋ' ಅಂದಿದ್ಲು."

ಸಾವಿರ ಕಳ್ಳರನ್ನು ಹಿಡಿಸಿದೆನೆಂದು ಕೊಚ್ಚಿಕೊಳ್ಳುವ ಪರಸಪ್ಪ ಸೋದರಳಿಯನಿಗಾಗಿ ಮಾಸ್ತರರ ತೋಳು ಜಗ್ಗಿದ.

ಮಾಸ್ತರರು ಮುದುಕಿಯ ಸೊಟ್ಟಬಾಯಿಗೆ ಕಿವಿ ಹಚ್ಚಿದರು. ಆಮೇಲೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದರು.

"ಪರಸಪ್ಪ, ಕೋಣಿಗೆ ನಿಮ್ಮ ಮನ್ಯಾಗ ಏನಂತೀರಿ?"

"ಖೋಲಿ ಅಂತೇವ್ರಿ."

"ನಮ್ಮ ಉರ್ದು ಮನಿಗೋಳಾಗ ಕಮರಾ. ಲ್ಯಾಟಿನ್‌ದಾಗ ಕೋಣಿಗೆ ಕ್ಯಾಮರಾ ಅಂತಿದ್ರು. ಅದ ಮಾತು ಪೋರ್ಚುಗೀಸರ ಹಡಗ ಹತ್ತಿ ಬಂದು ನಮ್ಮ ಕಮರಾ ಆತು. ಆ ಕಡೆ ಕತ್ತಲ ಕೋಣಿಗೆ ತೂತು ಕೊರದು ಚಿತ್ರ ನೋಡ್ತಿದ್ರು. ಕೋಣಿ ಸಣ್ಣಾಗಿ ಡಬ್ಬಿ ಆತು, ಹೆಸರು ಹಂಗ ಉಳೀತು. ಆದ್ರ ಈ ಅಮ್ಮಾಗ ಡಬ್ಬಿ ಬರೇ ಡಬ್ಬಿ. ಆಕಿ ಅನ್ನೂದು ಕಮರಾ. ಪರಸಪ್ಪ ತಪ್ಪು ಕೇಳಬಹುದು. ಕಮರಾ ಅನ್ಕೋತ ಬೆಳದ ಮಗ ತಪ್ಪು ಕೇಳತಾನೇನು? ಈ ಮನ್ಯಾಗ ಬಾಗಲ ಇರೂ ಕಮರಾ ಒಂದ ಐತಿ. ಚಾವಿ ಯಾರ ಕಡೆ ಐತಿ, ಜೈನುದ್ದೀನ?"

ಸರ ಆ ಬೀಗದ ಕೋಣೆಯಲ್ಲಿ, ಜೈನುದ್ದೀನನ ಗಾದಿಯೊಳಗೆ ಸಿಕ್ಕಿತು. ಅವನು ಅದನ್ನು ಬಚ್ಚಿಡುವುದನ್ನು ಕಂಡೇ ತಾಯಿ ಕುಸಿದಿದ್ದಳು. ಅಮಿತನ ಭುಜ ಹಿಡಿದು ಪರಸಪ್ಪ ಗಳಗಳ ಅತ್ತ.

ಜೈನುದ್ದೀನ ತಾಯಿಯ ಕಾಲು ಹಿಡಿದ. "ಅಮ್ಮಾ, ಮಾಫ್ ಮಾಡೇನಿ ಅಂತ ಒಂದ ಮಾತ ಅನ್ನು."

ಮುದುಕಿ ಬಹಳ ಹೊತ್ತು ತುಟಿ ತಿರುಚಿದಳು. "ಕಮರಾ," ಎಂದಳು.

ಮಾಫಿಯೋ, ಶಾಪವೋ? ಪರಸಪ್ಪ ಮಾಸ್ತರರತ್ತ ನೋಡಿದ. ಆ ಶಬ್ದದ ಹುಟ್ಟೂರು ಬಲ್ಲ ಮಾಸ್ತರರು ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದರು.